‘ಇಂದ’ ಮತ್ತು ‘ಗೆ’

ನಾವು ಹುಡುಗರಾಗಿದ್ದಾಗ ಶಾಲೆಯಲ್ಲಿ ಪತ್ರಲೇಖನ ಕಲಿಸುತ್ತಿದ್ದ ಮೇಷ್ಟರು ಹಾಳೆಯ ಮೇಲೆ ಮೊದಲು ಎರಡು ಮಾತುಗಳನ್ನು ಬರೆಯಿಸುತ್ತಿದ್ದರು. ಎಡಗಡೆಯಲ್ಲಿ ‘ಇಂದ’ ಎಂದು ಬರೆದು ಅದರ ಕೆಳಗೆ ನಮ್ಮ ಹೆಸರು, ಊರು. ಸ್ವಲ್ಪ ಜಾಗ ಬಿಟ್ಟು ‘ಗೆ’ ಎಂದು ಬರೆದು ಅದರ ಕೆಳಗೆ ಪತ್ರ ತಲುಪಬೇಕಾದವರ ಹೆಸರು, ಊರು. ಮಾತುಗಳೆಂದೆ, ವ್ಯಾಕರಣದ ಕಣ್ಣಿಗೆ ಇವು ಮಾತುಗಳಲ್ಲ, ವಿಭಕ್ತಿಪ್ರತ್ಯಯಗಳು. ಹಿಡಿದುಕೊಳ್ಳಲು ಪ್ರಕೃತಿಯೊಂದಿಲ್ಲದೆ ಪ್ರತ್ಯಯ ಹೀಗೆ ಒಂಟಿಯಾಗಿ ನಿಲ್ಲುವುದನ್ನು ನಾನು ಬೇರೆಲ್ಲಿಯೂ ಹೆಚ್ಚು ಕಂಡಿಲ್ಲ. ಪಂಚಮಿಗೆ ‘ದೆಸೆಯಿಂದ’ ಎಂದು ಪುಸ್ತಕ ಹೇಳುತ್ತದೆಯಾದರೂ ಪತ್ರ ಬರೆಯುವವರು ಯಾರೂ ಅಷ್ಟು ದೂರ ಹೋಗುವುದಿಲ್ಲ, ‘ಇಂದ’ ಸಾಕು.

ಈ ಎರಡು ಪ್ರತ್ಯಯಗಳನ್ನು ಮುಂದಿಟ್ಟುಕೊಂಡು ನಾನು ಈ ದಿನ ಹೇಳಹೊರಟಿರುವುದು ವ್ಯಾಕರಣವನ್ನಲ್ಲ. ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯುವ ಒಂದು ಕಂಪ್ಯೂಟರು ತನಗೆ ಬಂದ ಪತ್ರಗಳಿಗೆ ಉತ್ತರವನ್ನು ಯಾವ ಬಾಗಿಲಿನಿಂದ ಕಳುಹಿಸಬೇಕೆಂದು ಹೇಗೆ ನಿಶ್ಚಯಿಸುತ್ತದೆ, ಆ ನಿಶ್ಚಯ ತಪ್ಪಿದಾಗ ಅದನ್ನು ಹುಡುಕುವುದು ಹೇಗೆ ಎಂಬುದನ್ನು. ಕನ್ನಡ ಮೇಷ್ಟರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವನ್ನು ಹೇಳಿಬಿಡುತ್ತೇನೆ.

ನಿವೃತ್ತನಾದ ಮೇಲೆ ನಾನು ಒಂದು ಸಣ್ಣ ಗ್ರಂಥಭಂಡಾರದ ಗೌರವ ಕಾರ್ಯದರ್ಶಿಯ ಕೆಲಸವನ್ನು ಹೊತ್ತುಕೊಂಡಿದ್ದೇನೆ. ನಮ್ಮಲ್ಲಿ ಓಲೆಗರಿಯ ಕಟ್ಟುಗಳೂ ಕಾಗದದ ಹಸ್ತಪ್ರತಿಗಳೂ ಇವೆ. ಮುಟ್ಟಿದರೆ ಮುರಿಯುವ ಗರಿಗಳನ್ನು ಬಂದವರ ಕೈಗೆಲ್ಲ ಕೊಡಲಾಗುವುದಿಲ್ಲವೆಂದು ಅವುಗಳ ಛಾಯಾಚಿತ್ರ ತೆಗೆಸಿ, ಎಲ್ಲಿ ಕುಳಿತವರೂ ಓದಿಕೊಳ್ಳುವಂತೆ ಒಂದು ಸರ್ವರಿನಲ್ಲಿ ಇಟ್ಟಿದ್ದೇವೆ. ಮೊದಲಿಗೆ ಇದ್ದುದು ಒಂದೇ ಇಂಟರ್‌ನೆಟ್ ತಂತಿ. ಗ್ರಂಥಸೂಚಿಯನ್ನು ತೋರಿಸುವುದಕ್ಕೆ ಅದು ಸಾಕಾಗಿತ್ತು. ದೊಡ್ಡ ದೊಡ್ಡ ಚಿತ್ರಗಳ ಭಾರವನ್ನು ತಡೆಯುತ್ತಿರಲಿಲ್ಲ. ೨೦೨೩ರಲ್ಲಿ ಮತ್ತೊಂದು ಕಂಪೆನಿಯಿಂದ ವೇಗವಾದ ಎರಡನೆಯ ತಂತಿಯನ್ನು ತೆಗೆದುಕೊಂಡೆವು. ಸೂಚಿ ಹಳೆಯ ತಂತಿಯ ವಿಳಾಸದಲ್ಲಿಯೇ ಇರಲಿ, ಚಿತ್ರಗಳು ಹೊಸ ತಂತಿಯ ವಿಳಾಸದಲ್ಲಿ ಸಿಕ್ಕಲಿ ಎಂಬುದು ಏರ್ಪಾಟು. ಸರ್ವರು ಒಂದೇ, ಬೀದಿಗೆ ತೆರೆದ ಬಾಗಿಲು ಎರಡು, ವಾಚನಾಲಯದ ಕಂಪ್ಯೂಟರುಗಳ ಕಡೆಗೆ ಒಳಬಾಗಿಲು ಒಂದು.

ಆ ದಿನದಿಂದ ಹೊರಗಿನವರಿಗೆ ಸೂಚಿ ತೆರೆಯುತ್ತಿತ್ತು, ಚಿತ್ರ ತೆರೆಯುತ್ತಿರಲಿಲ್ಲ. ಇದು ನಮಗೆ ತಿಳಿಯಲಿಲ್ಲ. ತಿಳಿದವರು ಹೇಳಿದಾಗ ನಾವು ನಂಬಲಿಲ್ಲ. ದೂರದ ಜಿಲ್ಲೆಯೊಂದರಿಂದ ಒಬ್ಬ ಸಂಶೋಧನ ವಿದ್ಯಾರ್ಥಿನಿ, ನಮ್ಮಲ್ಲಿರುವ ಪ್ರತಿಯೊಂದರ ಪಾಠಾಂತರಗಳನ್ನು ಪ್ರಬಂಧ ಸಲ್ಲಿಸುವ ಮೊದಲು ನೋಡಲೇಬೇಕಾಗಿದ್ದವಳು, ಪುಟ ತೆರೆಯದು ಎಂದು ಬರೆದಳು. ನಾನು ವಾಚನಾಲಯದ ಕಂಪ್ಯೂಟರಿನ ಮುಂದೆ ಕುಳಿತು ನೋಡಿದೆ. ಗರಿಗಳೆಲ್ಲ ಕಣ್ಣಿಗೆ ಕಟ್ಟುವಂತೆ ತೆರೆದವು. ಇಲ್ಲಿ ಚೆನ್ನಾಗಿದೆ, ನಿಮ್ಮ ಕಂಪ್ಯೂಟರನ್ನು ಪರೀಕ್ಷಿಸಿಕೊಳ್ಳಿ ಎಂದು ಉತ್ತರ ಬರೆದೆ. ಅವಳು ಮತ್ತೆ ಬರೆದಳು. ನಾನು ಅದೇ ಉತ್ತರವನ್ನು ಇನ್ನಷ್ಟು ಚಿಕ್ಕದಾಗಿ ಬರೆದೆ. ಮೂರನೆಯ ಪತ್ರಕ್ಕೆ ಉತ್ತರವನ್ನೇ ಬರೆಯಲಿಲ್ಲ. ಇನ್ನಿಬ್ಬರಿಂದ ದೂರು ಬಂದಾಗ ಮಾತ್ರ ನಮ್ಮ ಸಮಿತಿಗೆ ಎಚ್ಚರವಾಯಿತು. ಆಗ ಅದು ಹಿಡಿದುಕೊಂಡದ್ದು ಎರಡನೆಯ ತಂತಿಯನ್ನು ಜೋಡಿಸಿದ ಹುಡುಗನನ್ನು. ಅವನು ಮಾಡಬೇಕಾದ ಯಾವುದೋ ನಿಯಮವನ್ನು ಹಾಕಿಯೇ ಇಲ್ಲ, ಹಣ ತಡೆಹಿಡಿಯಿರಿ ಎಂದಾಯಿತು. ಆ ನಿರ್ಣಯಕ್ಕೆ ಸಹಿ ಹಾಕಬೇಕಾದವನು ನಾನು. ಹುಡುಗ ಬಂದು, “ನಿಯಮ ಹಾಕಿದೀನಿ ಸಾರ್, ನೋಡಿ,” ಎಂದು ತೆರೆಯ ಮೇಲೆ ತೋರಿಸಿದ. ನಿಯಮ ಇತ್ತು. ಅಕ್ಷರ ತಪ್ಪಿಲ್ಲದೆ ಇತ್ತು. ಚಿತ್ರ ಮಾತ್ರ ತೆರೆಯುತ್ತಿರಲಿಲ್ಲ.

ಮುಂದಿನದು ತಿಳಿಯಬೇಕಾದರೆ ಇಂಟರ್‌ನೆಟ್ಟಿನಲ್ಲಿ ಪತ್ರ ಸಾಗುವ ಬಗೆಯನ್ನು ಸ್ವಲ್ಪ ಹೇಳಬೇಕು. ದೊಡ್ಡ ಸಂದೇಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಒಂದೊಂದನ್ನೂ ಅದರದರ ವಿಳಾಸದೊಡನೆ ಬಿಡಿಬಿಡಿಯಾಗಿ ಕಳುಹಿಸಬಹುದು ಎಂಬ ಆಲೋಚನೆ ೧೯೬೦ರ ದಶಕದ್ದು. ಅಮೆರಿಕದಲ್ಲಿ ಪಾಲ್ ಬ್ಯಾರನ್, ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್, ಇಬ್ಬರೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಆ ತುಂಡಿಗೆ ಪ್ಯಾಕೆಟ್ ಎಂದು ಹೆಸರಿಟ್ಟವರು ಡೇವಿಸ್. ನಾವು ಲಕೋಟೆ ಎಂದುಕೊಳ್ಳೋಣ. ಪ್ರತಿಯೊಂದು ಲಕೋಟೆಯ ಮೇಲೂ ನಮ್ಮ ಮೇಷ್ಟರು ಹೇಳಿಕೊಟ್ಟ ಎರಡು ಪ್ರತ್ಯಯಗಳೂ ಇರುತ್ತವೆ: ಎಲ್ಲಿಂದ, ಎಲ್ಲಿಗೆ. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಯಂತ್ರವೂ ತನ್ನ ಹತ್ತಿರ ಇರುವ ಮಾರ್ಗಪಟ್ಟಿಯನ್ನು ನೋಡಿ, ಈ ಲಕೋಟೆಯನ್ನು ಯಾವ ಕಡೆಗೆ ದಾಟಿಸಬೇಕೆಂದು ನಿರ್ಧರಿಸುತ್ತದೆ.

ಇಲ್ಲಿ ಒಂದು ವಿಶೇಷವಿದೆ. ಮಾರ್ಗಪಟ್ಟಿಯನ್ನು ನೋಡುವಾಗ ಯಂತ್ರ ಓದುವುದು ‘ಗೆ’ಯನ್ನು ಮಾತ್ರ, ‘ಇಂದ’ವನ್ನು ಓದುವುದೇ ಇಲ್ಲ. ಅಂಚೆ ವಿಂಗಡಿಸುವವರೂ ಹಾಗೆಯೇ ತಾನೆ? ಮಂಗಳೂರಿಗೆ ಹೋಗುವ ಕಾಗದ ಯಾರು ಬರೆದರೂ ಮಂಗಳೂರಿನ ಚೀಲಕ್ಕೆ ಬೀಳುತ್ತದೆ. ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಸಾಲು ಒಪ್ಪುವಂತಿದ್ದರೆ, ಹೆಚ್ಚು ನಿರ್ದಿಷ್ಟವಾದ ಸಾಲು ಗೆಲ್ಲುತ್ತದೆ. ಜಿಲ್ಲೆಗೆ ಒಂದು ಸಾಲು, ಆ ಜಿಲ್ಲೆಯೊಳಗಿನ ತಾಲ್ಲೂಕಿಗೆ ಮತ್ತೊಂದು ಸಾಲು ಇದ್ದರೆ ತಾಲ್ಲೂಕಿನದಕ್ಕೆ ಬಲ ಹೆಚ್ಚು. ಎಲ್ಲಕ್ಕೂ ಕೊನೆಯಲ್ಲಿ, ಬೇರೆ ಯಾವ ಸಾಲೂ ಒಪ್ಪದ ಲಕೋಟೆಗಳನ್ನೆಲ್ಲ ಕಳುಹಿಸುವ ಒಂದು ದಾರಿಯಿರುತ್ತದೆ. ಅದನ್ನು ಡಿಫಾಲ್ಟ್ ದಾರಿ ಎನ್ನುತ್ತಾರೆ. ವ್ಯಾಕರಣ ಓದಿದವರಿಗೆ ಇದು ಹಳೆಯ ಪರಿಚಯ. ಸಾಮಾನ್ಯವಿಧಿ ಉತ್ಸರ್ಗ, ವಿಶೇಷವಿಧಿ ಅಪವಾದ. ಅಪವಾದ ಉತ್ಸರ್ಗವನ್ನು ಬಾಧಿಸುತ್ತದೆ. ಸ್ವರದ ಮುಂದೆ ಸ್ವರ ಬಂದರೆ ಹಿಂದಿನದು ಲೋಪವಾಗುತ್ತದೆ ಎಂಬುದು ಉತ್ಸರ್ಗ. ‘ಊರು’ ‘ಅನ್ನು’ ಸೇರಿ ‘ಊರನ್ನು’. ಆದರೆ ‘ಗುರು’ ‘ಅನ್ನು’ ಸೇರಿದಾಗ ನಾವು ‘ಗುರುವನ್ನು’ ಎನ್ನುತ್ತೇವೆಯೇ ಹೊರತು ‘ಗುರನ್ನು’ ಎನ್ನುವುದಿಲ್ಲ. ಅಪವಾದವನ್ನು ಪುಸ್ತಕದ ಯಾವ ಪುಟದಲ್ಲಿ ಬರೆದಿದೆ ಎಂಬುದು ಮುಖ್ಯವಲ್ಲ. ಅದು ವಿಶೇಷವಾದುದರಿಂದ ಗೆಲ್ಲುತ್ತದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ. ನಮ್ಮ ಹುಡುಗ ಎಡವಿದ್ದು ಇದಕ್ಕೆ ಬಹಳ ಹತ್ತಿರದಲ್ಲಿ.

ಬಾಗಿಲು ಒಂದೇ ಇರುವ ಸರ್ವರಿಗೆ ‘ಗೆ’ ಒಂದೇ ಸಾಕು. ಬಾಗಿಲು ಎರಡಾದಾಗ ತೊಡಕು ಮೊದಲಾಗುತ್ತದೆ. ದೂರದ ಓದುಗರೊಬ್ಬರು ನಮ್ಮ ಹೊಸ ವಿಳಾಸಕ್ಕೆ ಕಾಗದ ಬರೆದರೆನ್ನಿ. ಅದು ಹೊಸ ಬಾಗಿಲಿನಲ್ಲಿ ಬರುತ್ತದೆ. ಉತ್ತರದ ಮೇಲೆ ‘ಇಂದ’ ಎಂಬಲ್ಲಿ ನಮ್ಮ ಹೊಸ ವಿಳಾಸವೇ ಇರಬೇಕು; ಇಲ್ಲವಾದರೆ ಅವರು ತಾವು ಬರೆದವರಿಂದ ಬಂದ ಉತ್ತರವೆಂದು ಒಪ್ಪುವುದಿಲ್ಲ. ‘ಗೆ’ ಎಂಬಲ್ಲಿ ಅವರ ವಿಳಾಸ. ಈಗ ಯಂತ್ರ ಪಟ್ಟಿಯನ್ನು ತೆರೆಯುತ್ತದೆ, ‘ಗೆ’ಯನ್ನಷ್ಟೇ ಓದುತ್ತದೆ. ಡಿಫಾಲ್ಟ್ ದಾರಿ ಹಳೆಯ ತಂತಿಯ ಕಡೆಗೆ ಇದೆ. ಹೊಸ ಬಾಗಿಲಿನಲ್ಲಿ ಬಂದವರಿಗೆ ಉತ್ತರ ಹಳೆಯ ಬಾಗಿಲಿನಿಂದ ಹೊರಡುತ್ತದೆ.

ಹೊರಟರೇನು, ತಲುಪಿದರಾಯಿತಲ್ಲ ಎನ್ನಬಹುದು. ತಲುಪುವುದಿಲ್ಲ. ಹಳೆಯ ತಂತಿಯ ಕಂಪೆನಿಯವರು ತಮ್ಮ ಗಿರಾಕಿಯ ಬಾಗಿಲಿನಿಂದ ಬೇರೊಬ್ಬರ ‘ಇಂದ’ ಹೊತ್ತ ಲಕೋಟೆ ಬಂದರೆ ಅದನ್ನು ಎತ್ತಿ ಹಾಕಿಬಿಡುತ್ತಾರೆ. ಅದು ಅವರ ಹಟವಲ್ಲ. ಕಳುಹಿಸಿದವರ ವಿಳಾಸವನ್ನು ಸುಳ್ಳಾಗಿ ಬರೆದು ಪರರ ಯಂತ್ರಗಳ ಮೇಲೆ ಲಕೋಟೆಗಳ ಮಳೆಗರೆಯುವ ದುಷ್ಟತನ ಹೆಚ್ಚಿದುದರಿಂದ, ಹೀಗೆ ತಡೆಯಬೇಕೆಂದು ಇಂಟರ್‌ನೆಟ್ಟಿನ ಕಟ್ಟುಪಾಡುಗಳನ್ನು ಬರೆಯುವವರು ೨೦೦೦ದಲ್ಲಿಯೇ ಸಲಹೆ ಮಾಡಿದ್ದಾರೆ. ತಡೆದವರು ‘ತಡೆದೆವು’ ಎಂದು ತಿಳಿಸುವುದಿಲ್ಲ. ಓದುಗರು ಕಾಯುತ್ತಾರೆ, ಅಷ್ಟೆ.

ಇದಕ್ಕೆ ಲಿನಕ್ಸಿನಲ್ಲಿ ಪರಿಹಾರವಿದೆ. ೧೯೯೯ರಲ್ಲಿ ಹೊರಬಂದ ೨.೨ ಎಂಬ ಆವೃತ್ತಿಯಲ್ಲಿ ಅಲೆಕ್ಸೀ ಕುಜ್ನೆತ್ಸೋವ್ ಎಂಬ ರಷ್ಯನ್ ತಜ್ಞರು ಪಾಲಿಸಿ ರೂಟಿಂಗ್ ಎಂಬ ಏರ್ಪಾಟನ್ನು ತಂದರು. ಮಾರ್ಗಪಟ್ಟಿ ಒಂದೇ ಏಕಿರಬೇಕು? ಹಲವು ಇರಲಿ. ಯಾವ ಲಕೋಟೆಗೆ ಯಾವ ಪಟ್ಟಿಯನ್ನು ನೋಡಬೇಕೆಂದು ಹೇಳುವ ನಿಯಮಗಳ ಒಂದು ಸಾಲು ಬೇರೆ ಇರಲಿ. ಆ ನಿಯಮಗಳಲ್ಲಿ ‘ಇಂದ’ವನ್ನೂ ಕೇಳಬಹುದು. ‘ಈ ವಿಳಾಸದಿಂದ ಹೊರಡುವ ಲಕೋಟೆಗೆ ಆ ಪಟ್ಟಿಯನ್ನು ನೋಡು’ ಎಂಬುದೊಂದು ನಿಯಮ. ನಿಯಮಗಳಿಗೆ ಒಂದೊಂದು ಕ್ರಮಸಂಖ್ಯೆ. ಯಾರೂ ಏನೂ ಸೇರಿಸದೆ ಇದ್ದಾಗ ಮೂರು ನಿಯಮಗಳು ತಾವಾಗಿ ಇರುತ್ತವೆ. ೦ ಸಂಖ್ಯೆಯದು ಯಂತ್ರದ ಸ್ವಂತ ವಿಳಾಸಗಳ ಪಟ್ಟಿಯನ್ನು ತೋರಿಸುತ್ತದೆ, ೩೨೭೬೬ರದು ಮುಖ್ಯಪಟ್ಟಿಯನ್ನು, ೩೨೭೬೭ರದು ಸಾಮಾನ್ಯವಾಗಿ ಬರಿದಾಗಿಯೇ ಇರುವ ಕೊನೆಯ ಪಟ್ಟಿಯನ್ನು. ಯಂತ್ರ ಚಿಕ್ಕ ಸಂಖ್ಯೆಯಿಂದ ಮೊದಲುಮಾಡಿ ಒಂದೊಂದಾಗಿ ಕೆಳಗಿಳಿಯುತ್ತದೆ. ನಿಯಮ ಒಪ್ಪಿದರೆ ಅದು ಹೇಳಿದ ಪಟ್ಟಿಯನ್ನು ತೆರೆಯುತ್ತದೆ. ಅಲ್ಲಿ ದಾರಿ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಸಿಕ್ಕದಿದ್ದರೆ ಸದ್ದಿಲ್ಲದೆ ಮುಂದಿನ ನಿಯಮಕ್ಕೆ ಹೋಗುತ್ತದೆ.

ನಮ್ಮ ಹುಡುಗ ಹಾಕಿದ್ದುದು ಇಂಥ ನಿಯಮವನ್ನೇ. ‘ಹೊಸತು’ ಎಂದು ಒಂದು ಪಟ್ಟಿಯನ್ನು ಮಾಡಿ, ಅದರಲ್ಲಿ ಡಿಫಾಲ್ಟ್ ದಾರಿಯನ್ನು ಹೊಸ ತಂತಿಯ ಕಡೆಗೆ ತಿರುಗಿಸಿ, ಹೊಸ ವಿಳಾಸದಿಂದ ಹೊರಡುವುದಕ್ಕೆ ಆ ಪಟ್ಟಿಯನ್ನು ನೋಡು ಎಂದು ಬರೆದಿದ್ದ. ಸಹಿ ಹಾಕುವ ಮುನ್ನ ಒಂದು ಸಂಜೆ ನಾನೂ ಅವನೂ ಸರ್ವರಿನ ಮುಂದೆ ಕುಳಿತೆವು. ಅವನು ತನ್ನ ನಿಯಮವನ್ನು ಹತ್ತನೆಯ ಸಲ ಓದುತ್ತಿದ್ದ. ಕರಡಚ್ಚು ತಿದ್ದಿದವರಿಗೆಲ್ಲ ಈ ಕಷ್ಟ ಗೊತ್ತು. ತಾನು ಬರೆದುದನ್ನು ತಾನು ಓದಿದರೆ ಕಣ್ಣಿಗೆ ಕಾಣುವುದು ಬರೆಯಬೇಕೆಂದುಕೊಂಡದ್ದೇ. ನನಗೋ ಏನೂ ತಿಳಿಯದು. ತಿಳಿಯದವನಿಗೆ ಹೊಳೆಯುವ ಪ್ರಶ್ನೆಯನ್ನೇ ಕೇಳಿದೆ. “ಅದಿರಲಪ್ಪ, ಆ ಹುಡುಗಿ ಬರೆದ ಕಾಗದ ನಮ್ಮ ಬಾಗಿಲಿಗೆ ಬರ್ತಾ ಇದೆಯೋ ಇಲ್ಲವೋ?”

ಅವನು ಒಂದು ಕ್ಷಣ ಸುಮ್ಮನಿದ್ದು, “ಅದನ್ನ ನೋಡೇ ಇಲ್ಲ ಸಾರ್,” ಎಂದ.

ನೋಡುವುದಕ್ಕೆ ಟಿಸಿಪಿಡಂಪ್ ಎಂಬ ಸಾಧನವಿದೆ. ಅದು ಬಾಗಿಲಿನಲ್ಲಿ ಕುಳಿತು ಹೋಗುವ ಬರುವ ಲಕೋಟೆಗಳ ಮೇಲಿನ ‘ಇಂದ’, ‘ಗೆ’ಗಳನ್ನು ಸಾಲುಸಾಲಾಗಿ ಬರೆದು ತೋರಿಸುತ್ತದೆ. ನಾನು ಆ ವಿದ್ಯಾರ್ಥಿನಿಗೆ ದೂರವಾಣಿ ಮಾಡಿ, ಸಂಕೋಚದಿಂದಲೇ, “ಈಗೊಮ್ಮೆ ತೆರೆದು ನೋಡಮ್ಮ,” ಎಂದೆ. ತೆರೆಯ ಮೇಲೆ ಒಂದು ಸಾಲು ಮೂಡಿತು. ಅವಳ ಲಕೋಟೆ ಹೊಸ ಬಾಗಿಲಿಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಮತ್ತೊಂದು ಸಾಲು. ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕಾದು ಮೂರನೆಯದು. ಉತ್ತರ ಬಾರದಿದ್ದರೆ ಕಳುಹಿಸುವ ಯಂತ್ರ ಅದೇ ಕಾಗದವನ್ನು ಮತ್ತೆ ಮತ್ತೆ ಕಳುಹಿಸುತ್ತದೆಯಂತೆ. ಅವಳು ನನಗೆ ಬರೆದ ಮೂರು ಪತ್ರಗಳು ನೆನಪಾದವು. ನಮ್ಮ ಕಡೆಯಿಂದ ಉತ್ತರ ಹೊಸ ಬಾಗಿಲಿನಲ್ಲೂ ಇಲ್ಲ. ಹಳೆಯ ಬಾಗಿಲನ್ನು ನೋಡಿದೆವು, ಅಲ್ಲಿಯೂ ಇಲ್ಲ.

ಬಂದ ಕಾಗದ ಒಳಗೆ ಎಲ್ಲಿ ಹೋಯಿತು? ಟಿಸಿಪಿಡಂಪ್ ಕುಳಿತಿರುವುದು ಬಾಗಿಲಿನ ಆಚೆ ಜಗಲಿಯ ಮೇಲೆ. ಒಳಗೆ ಒಬ್ಬ ಕಾವಲುಗಾರನಿದ್ದಾನೆ. ಅವನ ಹೆಸರು ಆರ್‌ಪಿ ಫಿಲ್ಟರ್. ಬಂದ ಲಕೋಟೆಯನ್ನು ಹಿಡಿದು, ‘ಇದಕ್ಕೆ ಉತ್ತರ ಬರೆಯಬೇಕಾದರೆ ಇದೇ ಬಾಗಿಲಿನಿಂದ ತಾನೆ ಕಳುಹಿಸುವುದು?’ ಎಂದು ಅವನು ವಿಚಾರಿಸುತ್ತಾನೆ. ಕಟ್ಟುನಿಟ್ಟಾಗಿ ಇರುವಂತೆ ಅವನಿಗೆ ಆಜ್ಞೆಯಿದ್ದರೆ, ಬೇರೆ ಬಾಗಿಲೆಂದು ತೋರಿದ ಕೂಡಲೆ ಬಂದುದನ್ನು ಎಸೆದುಬಿಡುತ್ತಾನೆ. ಎಸೆದದ್ದನ್ನು ದಿನಚರಿಯಲ್ಲಿ ಬರೆದಿಡು ಎಂದು ಹೇಳಿದ್ದರೆ ಮಾತ್ರ ಬರೆಯುತ್ತಾನೆ. ಹುಡುಗ ಹಾಗೆ ಹೇಳಿ ಮತ್ತೊಮ್ಮೆ ನೋಡಿದ. ದಿನಚರಿಯಲ್ಲಿ ‘ಮಾರ್ಷಿಯನ್’ ಎಂಬ ಮಾತು ಬಂದಿತ್ತು. ಮಂಗಳ ಗ್ರಹದವರು! ಇರಲಾರದ ಕಡೆಯಿಂದ ಬಂದಂತೆ ತೋರುವ ವಿಳಾಸಗಳಿಗೆ ಆ ಶಾಸ್ತ್ರದವರು ಇಟ್ಟಿರುವ ಹೆಸರು ಅದು. ೧೯೯೫ರ ಅವರ ನಿಬಂಧನೆಗಳಲ್ಲಿಯೇ ಇದೆ. ನಮ್ಮ ರಾಜ್ಯದ ಒಂದು ಜಿಲ್ಲೆಯಲ್ಲಿ ಕುಳಿತು ಪಾಠಾಂತರ ನೋಡಲು ಕಾಯುತ್ತಿದ್ದ ಹುಡುಗಿಯನ್ನು ನಮ್ಮ ಯಂತ್ರ ಮಂಗಳ ಗ್ರಹದವಳೆಂದು ಗಣಿಸಿ ಹೊರಗೆ ನಿಲ್ಲಿಸಿತ್ತು. ನಾನು ಮಾಡಿದ್ದೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

“ಹಾಗಾದರೆ ಆ ಕಾವಲುಗಾರನನ್ನು ತೆಗೆದುಹಾಕು,” ಎಂದೆ. ಇಂಥ ಸಲಹೆಯನ್ನು ನನಗಿಂತ ತಿಳಿದವರೂ ಕೊಡುತ್ತಾರೆಂದು ಆಮೇಲೆ ತಿಳಿಯಿತು. ಹುಡುಗ ಒಪ್ಪಲಿಲ್ಲ. “ಬೇಡ ಸಾರ್. ಅವನು ಯಾಕೆ ಬೇಡ ಅಂತಾನೆ, ಅದನ್ನ ಕೇಳೋಣ,” ಎಂದ. ಅವನ ಬಗ್ಗೆ ನನ್ನ ಮನಸ್ಸು ಬದಲಾದುದು ಆ ಮಾತಿನಿಂದ.

ಕೇಳುವುದಕ್ಕೆ ಒಂದು ಆಜ್ಞೆಯಿದೆ: ‘ಐಪಿ ರೂಟ್ ಗೆಟ್’. ಅದಕ್ಕೆ ‘ಗೆ’ ವಿಳಾಸವನ್ನೂ ‘ಇಂದ’ ವಿಳಾಸವನ್ನೂ ಎರಡನ್ನೂ ಕೊಡಬೇಕು. ಯಾವ ಲಕೋಟೆಯನ್ನೂ ಕಳುಹಿಸದೆ, ಕಳುಹಿಸಬೇಕಾಗಿ ಬಂದರೆ ಯಾವ ದಾರಿ ಹಿಡಿಯುವೆ ಎಂದು ಯಂತ್ರವನ್ನೇ ಕೇಳುವ ಪ್ರಶ್ನೆ ಇದು. ‘ಇಂದ’ವನ್ನು ಬಿಟ್ಟು ಕೇಳಿದರೆ ಉತ್ತರಕ್ಕೆ ಬೆಲೆಯಿಲ್ಲ, ನಮ್ಮ ರೋಗ ಇರುವುದೇ ‘ಇಂದ’ದಲ್ಲಿ. ನಮ್ಮ ಹೊಸ ವಿಳಾಸದಿಂದ ಆ ಹುಡುಗಿಯ ವಿಳಾಸಕ್ಕೆ ಎಂದು ಕೇಳಿದ. ಉತ್ತರ ಬಂತು: ಹಳೆಯ ತಂತಿಯ ಮೂಲಕ. ಕಾವಲುಗಾರನದು ತಪ್ಪಿಲ್ಲ. ಅವನು ಇದೇ ಪ್ರಶ್ನೆಯನ್ನು ಕೇಳಿ, ಇದೇ ಉತ್ತರವನ್ನು ಪಡೆದು, ತನ್ನ ಕರ್ತವ್ಯವನ್ನು ಮಾಡಿದ್ದ. ನಿಯಮವಿದ್ದೂ ಅದು ನಡೆಯುತ್ತಿಲ್ಲವೆಂಬುದು ಖಚಿತವಾಯಿತು. ಆಗ ಹುಡುಗ ‘ಐಪಿ ರೂಲ್’ ಎಂದು ಬರೆದು, ತನ್ನ ನಿಯಮವೊಂದನ್ನೇ ಅಲ್ಲ, ನಿಯಮಗಳ ಸಾಲನ್ನು ಪೂರ್ತಿಯಾಗಿ ತೆರೆದ. ೦, ೩೨೭೬೬, ೩೨೭೬೭, ಎಲ್ಲಕ್ಕೂ ಕೆಳಗೆ ಅವನದು: ೩೨೮೦೦.

ಅವನು ಹಣೆ ಬಡಿದುಕೊಂಡ. ನನಗೆ ವಿವರಿಸಬೇಕಾಯಿತು; ವಿವರಿಸಿದ ಮೇಲೆ ನಾನೂ ಹಣೆ ಮುಟ್ಟಿಕೊಂಡೆ. ೩೨೭೬೬ರಲ್ಲಿ ಕುಳಿತಿರುವ ಮುಖ್ಯಪಟ್ಟಿಯಲ್ಲಿ ಡಿಫಾಲ್ಟ್ ದಾರಿಯಿದೆ. ಅಂದರೆ ಯಾವ ಲಕೋಟೆ ಬಂದರೂ ಅದಕ್ಕೊಂದು ಉತ್ತರವಿದೆ. ಇಲ್ಲವೆಂದು ಹೇಳಲು ಅದಕ್ಕೆ ಬಾರದು. ಅದನ್ನು ದಾಟಿ ಕೆಳಗಿನ ನಿಯಮದವರೆಗೆ ಯಾವ ಲಕೋಟೆಯೂ ಇಳಿಯುವುದೇ ಇಲ್ಲ. ನಿಯಮ ಸರಿಯಾಗಿತ್ತು, ಅದಕ್ಕೆ ಸರದಿಯೇ ಬರುತ್ತಿರಲಿಲ್ಲ.

ಹುಡುಗ ಅಂದುಕೊಂಡದ್ದು, ದೊಡ್ಡ ಸಂಖ್ಯೆಗೆ ಹೆಚ್ಚು ಬಲ ಎಂದು. ‘ಪ್ರಯಾರಿಟಿ’ ಎಂಬ ಅಲ್ಲಿನ ಮಾತೂ ಹಾಗೆಯೇ ಅನ್ನಿಸುವಂತಿದೆ. ನನಗೆ ಅವನನ್ನು ಬೈಯಲು ಬಾಯಿ ಬರಲಿಲ್ಲ. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ, ಸಮಾನ ಬಲವುಳ್ಳ ಎರಡು ಸೂತ್ರಗಳು ಒಂದೇ ಸ್ಥಳಕ್ಕೆ ಬಂದು ತಿಕ್ಕಾಡಿದಾಗ, ಕ್ರಮದಲ್ಲಿ ಮುಂದೆ ಬರುವ ಸೂತ್ರಕ್ಕೆ ಜಯ ಎಂಬ ವ್ಯವಸ್ಥೆಯೇ ಇದೆ. ಅಪವಾದವಾದರೆ ಕ್ರಮದ ಮಾತೂ ಬೇಡ, ಹೇಗೂ ಗೆಲ್ಲುತ್ತದೆ. ಆ ನೆರಳಿನಲ್ಲಿ ಬೆಳೆದ ನನಗೆ, ಒಂದು ವಿಳಾಸಕ್ಕೆಂದೇ ಬರೆದ ವಿಶೇಷವಿಧಿ, ಅದೂ ಎಲ್ಲಕ್ಕಿಂತ ಈಚೆಗೆ ಬರೆದದ್ದು, ಎಲ್ಲರಿಗೂ ಅನ್ವಯಿಸುವ ಸಾಮಾನ್ಯವಿಧಿಯ ಮುಂದೆ ಸೋಲುವುದು ಎಂದರೆ ತಿಳಿಯುವುದಕ್ಕೇ ಕಷ್ಟ. ಲಿನಕ್ಸಿನಲ್ಲಿ ಎರಡು ನ್ಯಾಯಗಳು ನಡೆಯುತ್ತವೆ. ಒಂದು ಪಟ್ಟಿಯ ಒಳಗೆ ವಿಶೇಷಕ್ಕೆ ಬಲ. ಅಲ್ಲಿ ಅದು ವೈಯಾಕರಣ. ಪಟ್ಟಿಗಳನ್ನು ಆರಿಸುವ ನಿಯಮಗಳ ಸಾಲಿನಲ್ಲಿ ಮಾತ್ರ ಸರದಿಗೆ ಬಲ; ಮೊದಲು ಉತ್ತರ ಕೊಟ್ಟವನದೇ ಉತ್ತರ. ಸಂಧಿಯ ಸೂತ್ರಗಳನ್ನು ಮೇಲಿನಿಂದ ಓದುತ್ತ ಬಂದು, ಒಪ್ಪುವ ಮೊದಲ ಸೂತ್ರ ಸಿಕ್ಕಿದೊಡನೆ ಪುಸ್ತಕ ಮುಚ್ಚಿ ಧೈರ್ಯವಾಗಿ ‘ಗುರನ್ನು’ ಎಂದು ಬರೆಯುವ ಹುಡುಗನನ್ನು ಊಹಿಸಿಕೊಳ್ಳಿ. ಅಂಥವನಿಗೆ ಪಾಠ ಹೇಳಬೇಕಾದರೆ ಅಪವಾದವನ್ನು ಉತ್ಸರ್ಗಕ್ಕಿಂತ ಮೊದಲ ಪುಟದಲ್ಲಿ ಬರೆಯಬೇಕು. ಸಂಖ್ಯೆಯನ್ನು ಹೇಳದೆಯೇ ನಿಯಮವನ್ನು ಸೇರಿಸಿದ್ದರೆ ಯಂತ್ರ ತಾನಾಗಿ ಅದನ್ನು ೩೨೭೬೫ರಲ್ಲಿ, ಮುಖ್ಯಪಟ್ಟಿಗಿಂತ ಒಂದು ಮೆಟ್ಟಿಲು ಮೇಲೆ, ಇಟ್ಟುಕೊಳ್ಳುತ್ತಿತ್ತು. ಹುಡುಗನ ಮುತುವರ್ಜಿಯೇ ಮುಳುವಾಯಿತು.

ನಿಯಮವನ್ನು ತೆಗೆದು, ೧೦೦೦ ಎಂಬ ಸಂಖ್ಯೆ ಕೊಟ್ಟು ಮತ್ತೆ ಹಾಕಿದ. ಅದೇ ಪ್ರಶ್ನೆಯನ್ನು ಕೇಳಿದ. ಹೊಸ ತಂತಿಯ ಮೂಲಕ ಎಂದು ಬಂತು. ಉತ್ತರದ ತುದಿಯಲ್ಲಿ ‘ಹೊಸತು’ ಎಂದು ಪಟ್ಟಿಯ ಹೆಸರೂ ಇತ್ತು. ಕಾವಲುಗಾರನನ್ನು ಮುಟ್ಟಲಿಲ್ಲ, ಅವನು ತಾನಾಗಿ ದಾರಿ ಬಿಟ್ಟ. ದೂರವಾಣಿಯ ಆ ತುದಿಯಿಂದ, “ಬಂತು ಸರ್, ಮೊದಲನೇ ಗರಿ ಬಂತು,” ಎಂದು ಅವಳು ಹೇಳಿದ್ದು ನನಗೆ ಇನ್ನೂ ಕೇಳಿಸುತ್ತಿದೆ.

ಐದು ನಿಮಿಷವೂ ಆಗಿರಲಿಲ್ಲ. ವಾಚನಾಲಯದಿಂದ ಒಬ್ಬರು ಹಿರಿಯರು ಎದ್ದು ಬಂದು, “ಏನ್ರೀ ಇದು, ಇಷ್ಟು ಹೊತ್ತು ಇದ್ದ ಚಿತ್ರ ಹೋಯಿತಲ್ಲ?” ಎಂದರು.

ಹೌದು. ಹೊರಗಿನವರಿಗೆ ತೆರೆದದ್ದು ಒಳಗಿನವರಿಗೆ ಮುಚ್ಚಿತ್ತು. ಇಷ್ಟು ದಿನ ವಾಚನಾಲಯದಲ್ಲಿ ಚಿತ್ರ ತೆರೆಯುತ್ತಿದ್ದುದೇಕೆ ಎಂಬುದು ಆಗ ಹೊಳೆಯಿತು. ಮುಖ್ಯಪಟ್ಟಿಯಲ್ಲಿ ಒಳಬಾಗಿಲಿನ ಕಂಪ್ಯೂಟರುಗಳಿಗೆಂದೇ ನಿರ್ದಿಷ್ಟವಾದ ಸಾಲೊಂದಿತ್ತು. ಅದು ಡಿಫಾಲ್ಟನ್ನು ಗೆದ್ದು ಉತ್ತರವನ್ನು ನೇರವಾಗಿ ಒಳಗೆ ಕಳುಹಿಸುತ್ತಿತ್ತು. ಅಲ್ಲಿ ಕುಳಿತು ನಾನು ಮಾಡಿದ ಪರೀಕ್ಷೆ ಹೊರಗಿನ ದಾರಿಯ ಪರೀಕ್ಷೆಯೇ ಆಗಿರಲಿಲ್ಲ. ಈಗ ಹೊಸ ವಿಳಾಸದಿಂದ ಹೊರಡುವುದೆಲ್ಲ ಮೊದಲು ‘ಹೊಸತು’ ಪಟ್ಟಿಗೆ ಹೋಗುತ್ತಿತ್ತು. ಅಲ್ಲಿ ಇದ್ದುದು ಡಿಫಾಲ್ಟ್ ದಾರಿ ಮಾತ್ರ. ಪಕ್ಕದ ಕೋಣೆಯಲ್ಲಿ ಕುಳಿತವರಿಗೆ ಕೊಡಬೇಕಾದ ಉತ್ತರವನ್ನೂ ಅದು ಊರಾಚೆಗೆ ಕಳುಹಿಸಲು ಸಿದ್ಧವಾಗಿತ್ತು. ಕಾವಲುಗಾರ ಒಪ್ಪದೆ ಆ ಹಿರಿಯರನ್ನೂ ಮಂಗಳ ಗ್ರಹಕ್ಕೆ ಸೇರಿಸಿದ್ದ. ಮೊದಲು ಮುಖ್ಯಪಟ್ಟಿ ನಮ್ಮ ನಿಯಮವನ್ನು ನುಂಗಿದ್ದಂತೆ ಈಗ ನಮ್ಮ ನಿಯಮ ವಾಚನಾಲಯವನ್ನು ನುಂಗಿತ್ತು. ಒಳಬಾಗಿಲಿನ ಸಾಲನ್ನು ‘ಹೊಸತು’ ಪಟ್ಟಿಯಲ್ಲಿಯೂ ಬರೆದ ಮೇಲೆ ಹಿರಿಯರು ಸಮಾಧಾನವಾಗಿ ಹೋಗಿ ಕುಳಿತರು.

ಇದೇ ಬಗೆಯ ಬೇರೆ ತೊಡಕುಗಳೂ ಉಂಟು. ನಿಯಮ ಸರಿಯಾದ ಸ್ಥಳದಲ್ಲಿದ್ದು ಅದು ತೋರಿಸುವ ಪಟ್ಟಿ ಬರಿದಾಗಿರಬಹುದು. ಒಂದು ಬಾಗಿಲನ್ನು ಆಜ್ಞೆಯಿಂದ ಮುಚ್ಚಿ ತೆರೆದರೆ ಆ ಬಾಗಿಲಿನ ದಾರಿಗಳು ಪಟ್ಟಿಗಳಿಂದ ಅಳಿಸಿಹೋಗುತ್ತವೆ, ನಿಯಮ ಮಾತ್ರ ಉಳಿದು ಬರಿಯ ಪಟ್ಟಿಯನ್ನು ತೋರಿಸುತ್ತಿರುತ್ತದೆ. ಹೊಸ ಬಗೆಯ ಉದ್ದನೆಯ ವಿಳಾಸಗಳಿಗೆ, ಅಂದರೆ ಆರನೆಯ ಆವೃತ್ತಿಯವಕ್ಕೆ, ನಿಯಮಗಳ ಸಾಲೇ ಬೇರೆ. ಒಂದನ್ನು ತಿದ್ದಿದರೆ ಮತ್ತೊಂದು ತಿದ್ದಿದಂತಾಗುವುದಿಲ್ಲ. ಹಳೆಯ ಪುಸ್ತಕಗಳಲ್ಲಿ, ತಿದ್ದಿದ ಮೇಲೆ ದಾರಿಗಳ ನೆನಪಿನ ಸಂಗ್ರಹವನ್ನು ತೊಳೆಯಬೇಕೆಂದು ಬರೆದಿರುತ್ತದೆ. ೨೦೧೨ರ ೩.೬ ಆವೃತ್ತಿಯಲ್ಲಿ ಹಳೆಯ ವಿಳಾಸಗಳ ಮಟ್ಟಿಗೆ ಆ ಸಂಗ್ರಹವನ್ನೇ ತೆಗೆದುಹಾಕಿದ್ದಾರೆ. ಈಗ ಅದನ್ನು ತೊಳೆಯುತ್ತ ಕೂರುವುದು ವ್ಯರ್ಥ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮೂರು ವಾರ ಕಳೆದ ಮೇಲ�� ಒಂದು ರಾತ್ರಿ ಗಾಳಿಮಳೆಗೆ ವಿದ್ಯುತ್ತು ಹೋಗಿ, ಬ್ಯಾಟರಿಯೂ ಮುಗಿದು, ಸರ್ವರು ನಿಂತು ಬೆಳಿಗ್ಗೆ ಮತ್ತೆ ಎದ್ದಿತು. ಹತ್ತು ಗಂಟೆಗೆ ಆ ವಿದ್ಯಾರ್ಥಿನಿಯ ಪತ್ರ: ಮತ್ತೆ ತೆರೆಯುತ್ತಿಲ್ಲ. ವಾಚನಾಲಯದಲ್ಲಿ ಎಲ್ಲ ತೆರೆಯುತ್ತಿತ್ತು. ಈ ಸಲ ನಾನು ಅದನ್ನು ನೋಡಿಬಂದು ಅವಳಿಗೆ ಬರೆಯಲಿಲ್ಲ. ಹುಡುಗ ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ಸರ್ವರಿನ ಮುಂದೆ ಕುಳಿತು, ಅವನು ಬರೆದುಕೊಟ್ಟಿದ್ದ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ಬೆರಳಿನಿಂದ ಒತ್ತಿ ಒತ್ತಿ ‘ಐಪಿ ರೂಲ್’ ಎಂದು ಬರೆದೆ. ನಾಲ್ಕು ಸಾಲು ಬಂದವು. ಕೊನೆಯ ಸಾಲು ೩೨೮೦೦.

ದೂರವಾಣಿ ಮಾಡಿದೆ. ಓಲಗದ ಸದ್ದಿನ ನಡುವೆ ಅವನ ದನಿ ಕೇಳಿಸಿತು. “ಅಯ್ಯೋ ಸಾರ್, ಅವತ್ತು ನಡೀತಿರೋ ಯಂತ್ರದಲ್ಲಿ ತಿದ್ದಿದೆ, ಫೈಲಲ್ಲಿ ತಿದ್ದಲೇ ಇಲ್ಲ. ನನ್ನದೇ ತಪ್ಪು.” ಆಜ್ಞೆಯಿಂದ ಹಾಕಿದ ನಿಯಮ ಯಂತ್ರದ ನೆನಪಿನಲ್ಲಿ ಮಾತ್ರ ಬದುಕಿರುತ್ತದೆ, ಯಂತ್ರ ನಿಂತರೆ ಅದೂ ಹೋಯಿತು. ಮತ್ತೆ ಎದ್ದಾಗ ಅದು ಓದಿಕೊಳ್ಳುವುದು ಫೈಲಿನಲ್ಲಿ ಬರೆದಿಟ್ಟದ್ದನ್ನು, ಮತ್ತು ಅಲ್ಲಿ ಹಳೆಯ ತಪ್ಪು ಹಾಗೆಯೇ ಕುಳಿತಿತ್ತು. ಅಚ್ಚುಕೂಟದಲ್ಲಿ ಕರಡನ್ನು ತಿದ್ದಿ ಮೊಳೆಗಳನ್ನು ತಿದ್ದದೆ ಬಿಟ್ಟಂತೆ.

ಅವನು ಹೇಳುತ್ತ ಹೋದ. ನಾನು ಫೈಲು ತೆರೆದು ಆ ಸಾಲಿಗೆ ಬಂದೆ. ೩೨೮೦೦ವನ್ನು ಅಳಿಸಿ ೧೦೦೦ ಎಂದು ಬರೆದೆ. ‘ಹೊಸತು’ ಪಟ್ಟಿಯ ಕೆಳಗೆ ಒಳಬಾಗಿಲಿನ ಸಾಲನ್ನೂ ಸೇರಿಸಿದೆ. ಆಮೇಲೆ ಅವನ ಮಾತಿನಂತೆ, ಧೈರ್ಯ ಸಾಲದಿದ್ದರೂ, ಸರ್ವರನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಅದು ಏಳುವವರೆಗೆ ಅವನು ಫೋನು ಇಡಲಿಲ್ಲ. ಧಾರೆಯ ಹೊತ್ತಾಗುತ್ತದೆ ಹೋಗಪ್ಪಾ ಎಂದರೂ ಇಡಲಿಲ್ಲ. ಎದ್ದ ಮೇಲೆ ‘ಇಂದ’, ‘ಗೆ’ ಎರಡನ್ನೂ ಕೊಟ್ಟು ದಾರಿ ಕೇಳಿದೆ. ಹೊಸ ತಂತಿಯ ಮೂಲಕ ಎಂದು ಬಂತು.

ಅವನ ಬಾಕಿ ಹಣದ ಚೆಕ್ಕಿಗೆ ಆ ವೇಳೆಗಾಗಲೇ ಸಹಿ ಬಿದ್ದಿತ್ತು. ಆ ವಿದ್ಯಾರ್ಥಿನಿಯ ಮೂರನೆಯ ಪತ್ರಕ್ಕೆ ಮಾತ್ರ ನಾನು ಇನ್ನೂ ಉತ್ತರ ಬರೆದಿರಲಿಲ್ಲ. ಆ ರಾತ್ರಿ ಕುಳಿತು ಬರೆದೆ. ಹಳೆಯ ಅಭ್ಯಾಸದಂತೆ ಎಡಗಡೆಯಲ್ಲಿ ‘ಇಂದ’ ಎಂದು ಬರೆದು, ಕೆಳಗೆ ನನ್ನ ಹೆಸರು.